ಕಲಾವಿದ–ಕುಶಲಕರ್ಮಿಗಳ ಹೊಣೆಗಾರಿಕೆ ವಿಮೆ

ಕಲಾವಿದ–ಕುಶಲಕರ್ಮಿಗಳ ಹೊಣೆಗಾರಿಕೆ ವಿಮೆಯು, ಪ್ರದರ್ಶನ ನೀಡುವುದರ ಜೊತೆಗೆ ತಾವೇ ತಯಾರಿಸಿದ ಕರಕುಶಲ ವಸ್ತುಗಳನ್ನೂ ಮಾರುವವರು ಇತರರಿಗೆ ಉಂಟಾದ ಗಾಯ ಅಥವಾ ಆಸ್ತಿನಷ್ಟಕ್ಕಾಗಿ ಕಾನೂನಿನ ಪ್ರಕಾರ ತೆರಬೇಕಾದ ಪರಿಹಾರವನ್ನು ಭರಿಸುವ ಸಾಮಾನ್ಯ ವಿಮೆಯಾಗಿದೆ. ಜೆ.ಪಿ. ನಗರದಲ್ಲಿ 2004ರಲ್ಲಿ ಆರಂಭವಾದ ರಂಗಶಂಕರ ಹಾಗೂ ಬನಶಂಕರಿಯ ಧಾತು ಗೊಂಬೆಯಾಟ ಸಂಸ್ಥೆಗಳಿರುವ ದಕ್ಷಿಣ ಬೆಂಗಳೂರಿನಲ್ಲಿ ಪ್ರದರ್ಶನ ಕಲೆ ಮತ್ತು ಕರಕುಶಲ ಎರಡಕ್ಕೂ ನೆಲೆಯಿದೆ. ಗೊಂಬೆಯನ್ನು ಆಡಿಸುವವರೇ ಅದನ್ನು ತಯಾರಿಸಿ ಮಾರಿದಾಗ ಅವರ ಮೇಲೆ ಎರಡು ಬಗೆಯ ಹೊಣೆ ಬೀಳುತ್ತದೆ.

ಎರಡು ಬಗೆಯ ಹೊಣೆ

ಪ್ರದರ್ಶನದ ವೇಳೆ ದೀಪದ ಕಂಬ ಉರುಳಿ ಪ್ರೇಕ್ಷಕರಿಗೆ ಪೆಟ್ಟಾದರೆ ಅದು ಸಾರ್ವಜನಿಕ ಹೊಣೆಗಾರಿಕೆಯ ವ್ಯಾಪ್ತಿಗೆ ಬರುತ್ತದೆ. ಮಾರಿದ ಗೊಂಬೆಯ ಬಿಡಿಭಾಗವೊಂದು ತಿಂಗಳುಗಳ ನಂತರ ಕಳಚಿ ಮಗುವಿನ ಗಂಟಲಲ್ಲಿ ಸಿಲುಕಿದರೆ ಅದು ಉತ್ಪನ್ನ ಹೊಣೆಗಾರಿಕೆ. ಮೊದಲನೆಯದಕ್ಕೆ ಮಾತ್ರ ಪಡೆದ ಪಾಲಿಸಿಯು ಸಾಮಾನ್ಯವಾಗಿ ಎರಡನೆಯದನ್ನು ಒಳಗೊಳ್ಳುವುದಿಲ್ಲ. ಎರಡನ್ನೂ ಒಂದೇ ಪಾಲಿಸಿಯಲ್ಲಿ ಪಡೆಯಲು ವಾಣಿಜ್ಯ ಸಾಮಾನ್ಯ ಹೊಣೆಗಾರಿಕೆ ವಿಮೆಯಿದೆ.

ಪ್ರದರ್ಶನ ಸ್ಥಳದ ಅಪಾಯಕ್ಕೆ ಬೆಂಗಳೂರಿನಲ್ಲಿಯೇ ಘೋರ ನಿದರ್ಶನವಿದೆ. 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್‌ನ ಡೇರೆಗೆ ಬೆಂಕಿ ತಗುಲಿ 90ಕ್ಕೂ ಹೆಚ್ಚು ಮಂದಿ ಮೃತಪಟ್ಟರು.

ಕಾನೂನು

1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯು ಅಪಾಯಕಾರಿ ಪದಾರ್ಥಗಳನ್ನು ನಿರ್ವಹಿಸುವವರಿಗೆ ಮಾತ್ರ ವಿಮೆಯನ್ನು ಕಡ್ಡಾಯಗೊಳಿಸುತ್ತದೆ, ಕಲಾವಿದರಿಗೆ ಅನ್ವಯಿಸುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಯಾರಿಕೆ ಅಥವಾ ವಿನ್ಯಾಸದ ದೋಷಕ್ಕೂ, ಸೂಕ್ತ ಎಚ್ಚರಿಕೆ ನೀಡದಿರುವುದಕ್ಕೂ ತಯಾರಕರು ಹೊಣೆಗಾರರಾಗುತ್ತಾರೆ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿತ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೆ 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶದಿಂದ ವಿನಾಯಿತಿ ದೊರೆತಿದೆ. ಇದು ಗುಣಮಟ್ಟದ ಮುದ್ರೆಗೆ ಸಂಬಂಧಿಸಿದ ವಿನಾಯಿತಿಯೇ ಹೊರತು ಪರಿಹಾರದ ಹೊಣೆಯಿಂದ ಬಿಡುಗಡೆಯಲ್ಲ.

ಪಾಲಿಸಿಯ ಸ್ವರೂಪ

ಪಾಲಿಸಿಯಲ್ಲಿ ಒಂದು ಅಪಘಾತಕ್ಕೆ ಹಾಗೂ ಇಡೀ ವರ್ಷಕ್ಕೆ ಪ್ರತ್ಯೇಕ ಗರಿಷ್ಠ ಮೊತ್ತಗಳನ್ನು ನಿಗದಿಪಡಿಸಲಾಗುತ್ತದೆ. ಪ್ರತಿ ಕ್ಲೇಮಿನ ಆರಂಭಿಕ ಭಾಗವೊಂದನ್ನು ವಿಮೆದಾರರೇ ಭರಿಸಬೇಕಾಗಬಹುದು. ಕಲಾವಿದರ ಸ್ವಂತ ಗಾಯ, ವಾದ್ಯಗಳ ಹಾನಿ ಮತ್ತು ಮಾರಾಟದ ಸರಕಿನ ನಷ್ಟ ಇದರಲ್ಲಿ ಸೇರುವುದಿಲ್ಲ. ಸಂಬಳಕ್ಕಿರುವ ಸಹಾಯಕರಿಗೆ ನೌಕರರ ಪರಿಹಾರ ವಿಮೆ ಬೇರೆಯೇ ಬೇಕಾಗುತ್ತದೆ.

ಭಾರತದಲ್ಲಿ ಇಂತಹ ಪಾಲಿಸಿಗಳು ಬಹುಮಟ್ಟಿಗೆ ಅವಧಿಯೊಳಗೆ ಸಲ್ಲಿಕೆಯಾದ ಕ್ಲೇಮುಗಳನ್ನಷ್ಟೇ ಪರಿಗಣಿಸುತ್ತವೆ. ಆದ್ದರಿಂದ ನವೀಕರಣ ನಿಲ್ಲಿಸಿದರೆ, ವಿಮೆಯಿದ್ದಾಗ ಮಾರಿದ ವಸ್ತುವಿನಿಂದ ನಂತರ ಉಂಟಾಗುವ ಹಾನಿಗೆ ರಕ್ಷಣೆ ಇಲ್ಲದಂತಾಗಬಹುದು. ಒಂದು ದಿನದ ಕಾರ್ಯಕ್ರಮಕ್ಕೆ ಆಯೋಜಕರು ಪಡೆಯುವ ವಿಮೆಯೂ ಮಳಿಗೆಯಲ್ಲಿ ಮಾರಾಟವಾದ ವಸ್ತುಗಳಿಗೆ ತಾನಾಗಿ ಅನ್ವಯಿಸುವುದಿಲ್ಲ.