ಪುಟ್ಟ ಸೇತುವೆ ಕುಸಿದಾಗ

ಸೈದಾಪುರದಿಂದ ರಾಯಚೂರಿಗೆ ರೈಲಿನಲ್ಲಿ ಹೋಗುವಾಗ ಕೃಷ್ಣಾ ನದಿಯ ಸೇತುವೆ ದಾಟುತ್ತೇವೆ. ಅದು ಕುಸಿಯುವ ದೃಶ್ಯ ಚಲನಚಿತ್ರವೊಂದಕ್ಕೆ ಬೇಕಾಯಿತೆನ್ನಿ. ನಿಜವಾದ ಸೇತುವೆಯನ್ನು ಕೆಡವಲು ಯಾರು ಬಿಟ್ಟಾರು? ಅದನ್ನೇ ಹೋಲುವ ಮಿನಿಯೇಚರ್, ಅಂದರೆ ಕಿರುಮಾದರಿಯನ್ನು ಕಾರ್ಯಾಗಾರದಲ್ಲಿ ಕಟ್ಟುತ್ತಾರೆ. 1957ರ ತೆಲುಗು ‘ಮಾಯಾಬಜಾರ್’ ಚಿತ್ರದ ದ್ವಾರಕೆ ಮೂಡಿದ್ದೂ ಹೀಗೆಯೇ: 50 ಅಡಿಗೆ 60 ಅಡಿ ಜಾಗದಲ್ಲಿ ಸುಮಾರು 300 ಪುಟ್ಟ ಮನೆಗಳು. ಛಾಯಾಗ್ರಾಹಕರು ಮಾರ್ಕಸ್ ಬಾರ್ಟ್ಲೆ.

ಈಗ ಇಂಥ ಕೆಲಸದ ಬಹುಪಾಲು ಕಂಪ್ಯೂಟರಿನ ಪಾಲಾಗಿದೆ. ಆದರೂ ಕಿರುಮಾದರಿಯ ಕಾರ್ಯಾಗಾರವೊಂದನ್ನು ನೋಡುವ ಅವಕಾಶ ಸಿಕ್ಕರೆ ಬಣ್ಣ, ಕೆತ್ತನೆಗಳನ್ನಷ್ಟೇ ನೋಡಿ ಬರಬೇಡಿ. ಕ್ಯಾಮೆರಾ ಯಾವ ವೇಗದಲ್ಲಿ ಓಡುತ್ತದೆಂದು ಕೇಳಿ, ಗುಟ್ಟು ಅಲ್ಲಿದೆ.

16 ಮೀಟರ್ ಎತ್ತರದಿಂದ ಬೀಳುವ ಕಲ್ಲು ನೆಲ ಮುಟ್ಟಲು ಸುಮಾರು 1.8 ಸೆಕೆಂಡು ಬೇಕು. ಹದಿನಾರನೇ ಒಂದು ಅಳತೆಯ ಮಾದರಿಯಲ್ಲಿ ಆ ಎತ್ತರ ಒಂದೇ ಮೀಟರ್, ಕಲ್ಲು 0.45 ಸೆಕೆಂಡಿನಲ್ಲಿ ಬಿದ್ದುಬಿಡುತ್ತದೆ. ಎತ್ತರ ತಗ್ಗಿದ್ದು 16 ಪಟ್ಟು, ಕಾಲ ತಗ್ಗಿದ್ದು 4 ಪಟ್ಟು. ಆದ್ದರಿಂದ ಸೆಕೆಂಡಿಗೆ 24 ಫ್ರೇಮುಗಳ ಬದಲು 96 ಫ್ರೇಮು ಚಿತ್ರೀಕರಿಸಿ, 24ರ ವೇಗದಲ್ಲಿ ತೋರಿಸುತ್ತಾರೆ. ಆಗ ಅಂಗೈಯಗಲದ ಚೂರೂ ಬಂಡೆಯಂತೆ ನಿಧಾನವಾಗಿ, ಭಾರವಾಗಿ ಬೀಳುತ್ತದೆ.

ನೀರು ಮಾತ್ರ ಈ ಲೆಕ್ಕಕ್ಕೆ ಪೂರ್ತಿ ಬಗ್ಗದು. ಮಾದರಿ ಎಷ್ಟೇ ಚಿಕ್ಕದಾದರೂ ನೀರಿನ ಹನಿ ಅದಕ್ಕೆ ತಕ್ಕಂತೆ ಚಿಕ್ಕದಾಗದು. ಅದಕ್ಕೇ ಪ್ರವಾಹದ ದೃಶ್ಯಗಳಿಗೆ ಮಾದರಿಯನ್ನು ಆದಷ್ಟು ದೊಡ್ಡದಾಗಿಯೇ ಕಟ್ಟುತ್ತಾರೆ. ಹಳೆಯ ಚಿತ್ರದಲ್ಲಿ ಸೇತುವೆ ಕೊಚ್ಚಿಹೋಗುವುದನ್ನು ಕಂಡರೆ, ನೀರಿನ ಹನಿಗಳನ್ನು ಗಮನಿಸಿ. ಮಾದರಿಯ ನಿಜವಾದ ಅಳತೆ ಅವುಗಳಿಂದಲೇ ತಿಳಿಯುತ್ತದೆ.