ಕೆಸರಿಗೆ ಯಾವ ಟಯರು?

ಆಗಸ್ಟ್ ತಿಂಗಳಿನಲ್ಲಿ ಜಡಿಮಳೆ ಹಿಡಿದಾಗ ಅರಕಲಗೂಡು ತಾಲ್ಲೂಕಿನ ಹೊಲದ ದಾರಿಗಳನ್ನು ನೋಡಬೇಕು. ಆಲೂಗೆಡ್ಡೆ ಮೂಟೆ ಹೇರಿಕೊಂಡ ಜೀಪು ಕೆಸರಿಗೆ ಇಳಿಯುತ್ತದೆ. ಎಂಜಿನ್ನು ಭೋರ್ಗರೆಯುತ್ತದೆ, ಚಕ್ರಗಳು ಗಿರಗಿರನೆ ಸುತ್ತುತ್ತವೆ. ಜೀಪು ಮಾತ್ರ ಇದ್ದಲ್ಲೇ ಇರುತ್ತದೆ. ಎಂಜಿನ್ನಿನಲ್ಲಿ ಶಕ್ತಿ ಇಲ್ಲವೆಂದಲ್ಲ. ಆ ಶಕ್ತಿಯನ್ನು ಟಯರು ನೆಲಕ್ಕೆ ದಾಟಿಸುತ್ತಿಲ್ಲ. 'ದಪ್ಪ ಉಬ್ಬಿನ ಕೆಸರು ಟಯರು ಹಾಕಿಸಿಬಿಡಿ' ಎಂದು ಸುತ್ತ ನಿಂತವರು ಸಲಹೆ ಕೊಡುತ್ತಾರೆ. ಈ ಸಲಹೆ ಎಲ್ಲಿ ಸರಿ, ಎಲ್ಲಿ ತಪ್ಪು?

ಒಣ ಡಾಂಬರಿನ ಮೇಲೆ ವಾಹನವನ್ನು ಮುಂದೆ ತಳ್ಳುವುದು ರಬ್ಬರು ಮತ್ತು ರಸ್ತೆಯ ನಡುವಿನ ಘರ್ಷಣೆ. ಕೆಸರಿನಲ್ಲಿ ಹಾಗಲ್ಲ. ಅಲ್ಲಿ ಟಯರಿನ ಉಬ್ಬುಗಳು ಮಣ್ಣಿನೊಳಗೆ ಇಳಿದು, ಅದನ್ನು ಹಿಂದಕ್ಕೆ ತಳ್ಳಿ, ಆ ಪ್ರತಿಕ್ರಿಯೆಯಿಂದ ಮುಂದೆ ಸಾಗಬೇಕು. ಹಾಗೆ ತಳ್ಳಿದಾಗ ಮಣ್ಣಿನ ಪದರಗಳು ಒಂದರ ಮೇಲೊಂದು ಜಾರಿಬಿಟ್ಟರೆ ಚಕ್ರ ಸುತ್ತುವುದಷ್ಟೇ ಲಾಭ. ಅಂದರೆ ಕೆಸರಿನಲ್ಲಿ ಹಿಡಿತದ ಮಿತಿಯನ್ನು ಹೆಚ್ಚಾಗಿ ನಿರ್ಧರಿಸುವುದು ರಬ್ಬರಿಗಿಂತ ಮಣ್ಣಿನ ಬಲ.

ಸಾಮಾನ್ಯ ಟಯರಿನ ಸಣ್ಣ ಗೀರುಗಳಲ್ಲಿ ಮಣ್ಣು ಮೆತ್ತಿಕೊಂಡರೆ ಅದು ನುಣುಪಾದ ಉರುಳೆಯಾಗುತ್ತದೆ. ಕೆಸರು ಟಯರಿನಲ್ಲಿ ಉಬ್ಬುಗಳು ಎತ್ತರ, ನಡುವಿನ ತಗ್ಗುಗಳು ಅಗಲ. ಅಗಲವೇಕೆಂದರೆ ತುಂಬಿದ ಮಣ್ಣು ಸಿಡಿದು ಹೊರಬೀಳಬೇಕು. ಒಂದು ಲೆಕ್ಕ ಮಾಡಿ ನೋಡಿ. ಚಕ್ರದ ತ್ರಿಜ್ಯ 0.35 ಮೀಟರ್, ಅಂಚಿನ ವೇಗ ಸೆಕೆಂಡಿಗೆ 5 ಮೀಟರ್ ಎಂದುಕೊಳ್ಳಿ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಸುಮಾರು 71, ಅಂದರೆ ಗುರುತ್ವ ವೇಗೋತ್ಕರ್ಷದ ಏಳು ಪಟ್ಟು. ಅಂಟಿದ ಮಣ್ಣನ್ನು ಚಕ್ರದ ಜೊತೆಗೇ ಸುತ್ತಿಸಲು ಅಷ್ಟು ಹಿಡಿತ ಬೇಕು. ಅದಿಲ್ಲದಿದ್ದರೆ ಮಣ್ಣು ಹಾರಿಹೋಗುತ್ತದೆ. ನಡಿಗೆಯ ವೇಗದಲ್ಲಿ, ಸೆಕೆಂಡಿಗೆ 1.5 ಮೀಟರ್ ಇದ್ದಾಗ, ಇದು 6.4 ಮಾತ್ರ. ಅನುಭವಿ ಚಾಲಕರು ಕೆಸರಿನಲ್ಲಿ ಒಮ್ಮೆ ಆಕ್ಸಿಲರೇಟರ್ ಒತ್ತಿ ಬಿಡುವುದರ ಗುಟ್ಟು ಇದೇ. ಒತ್ತುತ್ತಲೇ ಇದ್ದರೆ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ!

ಇನ್ನು ಮಣ್ಣಿನ ವಿಚಾರ. ಚನ್ನರಾಯಪಟ್ಟಣದ ಕಡೆ ಮಳೆ ಕಡಿಮೆ, ಮರಳುಮಿಶ್ರಿತ ಕೆಂಪು ಮಣ್ಣು ಹೆಚ್ಚು. ನೀರು ಬೇಗ ಇಂಗುತ್ತದೆ. ಮೇಲೆ ನಾಲ್ಕು ಬೆರಳು ಕೆಸರಿದ್ದರೂ ಕೆಳಗೆ ಗಟ್ಟಿ ನೆಲ ಸಿಗುತ್ತದೆ. ಇಂಥಲ್ಲಿ ಕಿರಿದಾದ ಟಯರೇ ಮೇಲು. ಅದು ಕೆಸರನ್ನು ಸೀಳಿ ಗಟ್ಟಿ ಪದರವನ್ನು ಮುಟ್ಟುತ್ತದೆ. ಆದರೆ ಅದೇ ತಾಲ್ಲೂಕಿನಲ್ಲಿ ಕೆರೆಯಂಗಳಕ್ಕೆ ಇಳಿದರೆ ಜಿಗುಟಾದ ಗೋಡು, ಎಷ್ಟು ಇಳಿದರೂ ತಳವಿಲ್ಲ. ಅಲ್ಲಿ ಮುಳುಗದಂತೆ ತೇಲಿಸುವ ಅಗಲ ಟಯರು ಬೇಕು. ಹೊಳೆನರಸೀಪುರದ ನಾಲೆ ಬಯಲಿನ ಭತ್ತದ ಗದ್ದೆಯಂತೂ ಜೀಪಿನ ಜಾಗವೇ ಅಲ್ಲ. ಅಲ್ಲಿ ಟ್ರ್ಯಾಕ್ಟರಿಗೂ ಕಬ್ಬಿಣದ ಕೇಜ್‌ವೀಲ್ ಬೇಕಾಗುತ್ತದೆ.

ಟಯರು ಬದಲಿಸದೆಯೂ ಮಾಡಬಹುದಾದದ್ದೊಂದಿದೆ: ಗಾಳಿ ಇಳಿಸುವುದು. 1600 ಕಿಲೋಗ್ರಾಂ ತೂಕದ ಜೀಪಿನಲ್ಲಿ ಒಂದು ಚಕ್ರದ ಪಾಲು 400 ಕಿಲೋಗ್ರಾಂ. ಗ್ಯಾರೇಜಿನ ಭಾಷೆಯ 'ಮೂವತ್ತು ಪೌಂಡು' ಗಾಳಿ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂ ಒತ್ತಡ. ಆಗ ನೆಲಕ್ಕೆ ತಾಗುವ ಭಾಗ ಸುಮಾರು 200 ಚದರ ಸೆಂಟಿಮೀಟರ್. ಗಾಳಿಯನ್ನು ಅರ್ಧಕ್ಕೆ ಇಳಿಸಿದರೆ ಅದು ಹೆಚ್ಚುಕಡಿಮೆ ಇಮ್ಮಡಿ. ಜೀಪು ಕಡಿಮೆ ಹೂಳುತ್ತದೆ. ಆದರೆ ರಸ್ತೆಗೆ ಬಂದ ಕೂಡಲೇ ಮತ್ತೆ ಗಾಳಿ ತುಂಬಿಸಲೇಬೇಕು. ಗಾಳಿ ಇಳಿದ ಟಯರಿನ ಪಕ್ಕೆಗಳು ವೇಗದಲ್ಲಿ ಬಾಗಿ ಬಾಗಿ ಕಾಯುತ್ತವೆ, ಸಿಡಿಯಲೂಬಹುದು.

ಈಗ ಅದೇ ಜೀಪು ಹಾಸನದಿಂದ ಬೆಂಗಳೂರು ಹೆದ್ದಾರಿಯಲ್ಲಿ ಓಡುತ್ತಿದೆ, ಮಳೆ ಬರುತ್ತಿದೆ ಎನ್ನಿ. ಅಗಲ ತಗ್ಗುಗಳಿಂದಾಗಿ ರಸ್ತೆಗೆ ತಾಗುವ ರಬ್ಬರು ಕಡಿಮೆ. ನೀರಿನ ತೆಳುಪೊರೆಯನ್ನು ಸೀಳುವ ಸಣ್ಣ ಸೀಳುಗಳೂ ಕೆಸರು ಟಯರಿನಲ್ಲಿ ಕಡಿಮೆ. ಬ್ರೇಕು ಒತ್ತಿದ ಮೇಲೆ ಜೀಪು ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ಸದ್ದು, ಸವೆತ, ಡೀಸೆಲ್ ಖರ್ಚು ಹೆಚ್ಚುವುದನ್ನು ಸಹಿಸಿಕೊಳ್ಳಬಹುದು, ಇದನ್ನು ಸಹಿಸಲಾಗದು. ವರ್ಷದಲ್ಲಿ ಹತ್ತು ದಿನ ಕೆಸರು ತುಳಿಯುವವರಿಗೆ 'ಎಂ/ಟಿ' ಗುರುತಿನ ಕೆಸರು ಟಯರು ಬೇಡವೆಂದೇ ನನ್ನ ಅಭಿಪ್ರಾಯ. ಎರಡಕ್ಕೂ ನಡುವಿನ 'ಎ/ಟಿ' ಸಾಕು. ಸಕಲೇಶಪುರದ ಕಾಫಿ ತೋಟಗಳ ಒಳದಾರಿಯಲ್ಲೇ ಮಳೆಗಾಲ ಕಳೆಯುವವರ ಮಾತು ಬೇರೆ.

ಟಯರಿನ ಪಕ್ಕೆಯ ಬರಹವನ್ನೂ ಓದಲು ಕಲಿಯಬೇಕು. '235/75 ಆರ್ 15' ಎಂದಿದ್ದರೆ ಅಗಲ 235 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇಕಡ 75, ರಿಮ್ಮಿನ ವ್ಯಾಸ 15 ಅಂಗುಲ. ಒಟ್ಟು ವ್ಯಾಸ ಸುಮಾರು 733 ಮಿಲಿಮೀಟರ್. ಗತ್ತಿಗೆಂದು 31 ಅಂಗುಲದ, ಅಂದರೆ 787 ಮಿಲಿಮೀಟರಿನ ಟಯರು ಹಾಕಿಸಿದರೆ ವೇಗಮಾಪಕ 60 ತೋರಿಸುವಾಗ ನಿಜವಾದ ವೇಗ 64 ದಾಟಿರುತ್ತದೆ. ತ್ರಿಜ್ಯ ಹೆಚ್ಚಿದಷ್ಟೂ ನೆಲದ ಮೇಲೆ ಎಂಜಿನ್ನಿನ ನೂಕುಬಲವೂ ಕುಗ್ಗುತ್ತದೆ.

ಒತ್ತಡದ ಲೆಕ್ಕವನ್ನು ಶಾಲೆಯಲ್ಲೇ ಪರೀಕ್ಷಿಸಬಹುದು. ಸೈಕಲ್ಲಿನ ಹಿಂದಿನ ಟಯರಿಗೆ ಶಾಯಿ ಬಳಿಯಿರಿ. ಚಕ್ರವನ್ನು ಗ್ರಾಫ್ ಹಾಳೆಯ ಮೇಲೆ ಇಳಿಸಿ, ಒಬ್ಬ ವಿದ್ಯಾರ್ಥಿಯನ್ನು ಕೂರಿಸಿ ಅಚ್ಚು ತೆಗೆಯಿರಿ. ಸ್ವಲ್ಪ ಗಾಳಿ ಬಿಟ್ಟು ಇನ್ನೊಂದು ಅಚ್ಚು ತೆಗೆದು ಚೌಕಗಳನ್ನು ಎಣಿಸಿ. ಹಿಂಚಕ್ರದ ಕೆಳಗೆ ತೂಕದ ಯಂತ್ರವಿಟ್ಟು ಅದರ ಮೇಲಿನ ಭಾರ ತಿಳಿದುಕೊಂಡರೆ ಎರಡೂ ಸಲದ ಒತ್ತಡವನ್ನು ಲೆಕ್ಕ ಹಾಕಬಹುದು. ಗಾಳಿಯ ಮಾಪಕದ ಅಂಕಿಗೂ ನಿಮ್ಮ ಉತ್ತರಕ್ಕೂ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ: ಭಾರದ ಒಂದು ಪಾಲನ್ನು ಟಯರಿನ ಪಕ್ಕೆಗಳೂ ಹೊತ್ತಿರುತ್ತವೆ.