ಬ್ರೌಸರುಗಳ ಪೈಪೋಟಿ

ಬೆಲೆಯುಳ್ಳ ಸರಕಿಗಾಗಿ ವರ್ತಕರು ಒಬ್ಬರೊಡನೊಬ್ಬರು ಸೆಣಸುವುದು ಲೋಕರೂಢಿ. ಆದರೆ ಬಳಸುವವನು ಒಂದು ಕಾಸನ್ನೂ ಕೊಡಬೇಕಾಗಿಲ್ಲದ ಸರಕೊಂದಕ್ಕಾಗಿ ಜಗತ್ತಿನ ಅತ್ಯಂತ ಶ್ರೀಮಂತ ಸಂಸ್ಥೆಗಳು ಮೂರು ದಶಕಗಳಿಂದ ಹೋರಾಡುತ್ತಿವೆ ಎಂದರೆ ಯಾರಿಗಾದರೂ ಸೋಜಿಗವೆನಿಸದೆ ಇರದು. ಆ ಸರಕೇ ಬ್ರೌಸರ್. ಕಂಪ್ಯೂಟರಿನಲ್ಲಾಗಲಿ ಮೊಬೈಲ್ ಫೋನಿನಲ್ಲಾಗಲಿ ಅಂತರಜಾಲದ ಪುಟವನ್ನು ತೆರೆದು ತೋರಿಸುವ ತಂತ್ರಾಂಶಕ್ಕೆ ಈ ಹೆಸರು. ಪರೀಕ್ಷೆಯ ಫಲಿತಾಂಶವನ್ನು ನೋಡುವ ವಿದ್ಯಾರ್ಥಿ, ರೈಲಿನ ಟಿಕೆಟನ್ನು ಕಾದಿರಿಸುವ ಪ್ರಯಾಣಿಕ, ಪಹಣಿಯನ್ನು ಹುಡುಕುವ ರೈತ, ಎಲ್ಲರೂ ಈ ಬಾಗಿಲಿನ ಮೂಲಕವೇ ಹಾದುಹೋಗುತ್ತಾರೆ. ಬಾಗಿಲನ್ನು ಮಾಡಿದವರು ಯಾರೆಂದು ಕೇಳುವವರು ಮಾತ್ರ ವಿರಳ.

ಅಂತರಜಾಲದ ಪುಟವು ಅಚ್ಚಾದ ಹಾಳೆಯಂತೆ ಸಿದ್ಧವಾಗಿ ಬರುವುದಿಲ್ಲ. ದೂರದ ಯಂತ್ರದಿಂದ ಬರುವುದು ಬರಿಯ ಅಕ್ಷರಗಳ ಸಾಲು. ಇದು ಶೀರ್ಷಿಕೆ, ಇಲ್ಲಿ ಚಿತ್ರವಿರಲಿ, ಈ ಪದವನ್ನು ಒತ್ತಿದರೆ ಮತ್ತೊಂದು ಪುಟ ತೆರೆಯಲಿ ಎಂಬಂಥ ಸೂಚನೆಗಳು ಅದರಲ್ಲಿ ಅಡಗಿರುತ್ತವೆ. ಅವನ್ನು ಓದಿ ಪುಟವನ್ನು ಕಟ್ಟಿ ನಿಲ್ಲಿಸುವುದು ಬ್ರೌಸರಿನ ಕೆಲಸ. ಒಂದೇ ನಾಟಕವನ್ನು ಎರಡು ಮಂಡಳಿಗಳು ಎರಡು ಬಗೆಯಾಗಿ ಆಡುವಂತೆ, ಒಂದೇ ಸೂಚನೆಯನ್ನು ಎರಡು ಬ್ರೌಸರುಗಳು ಎರಡು ಬಗೆಯಾಗಿ ಅರ್ಥೈಸಬಹುದು. ಆದುದರಿಂದ ಎಲ್ಲರೂ ಒಪ್ಪಿದ ನಿಯಮಗಳು ಬೇಕು. ಅಂಥ ನಿಯಮಗಳನ್ನು ರೂಪಿಸಲೆಂದೇ 1994ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಎಂಬ ಸಂಸ್ಥೆಯ ಸ್ಥಾಪನೆಯಾಯಿತು. ಆದರೆ ಬರೆದಿಟ್ಟ ನಿಯಮಕ್ಕಿಂತ ರೂಢಿಗೆ ಬಲ ಹೆಚ್ಚು. ನೂರರಲ್ಲಿ ತೊಂಬತ್ತು ಮಂದಿ ಒಂದೇ ಬ್ರೌಸರನ್ನು ಬಳಸುವುದಾದರೆ, ಪುಟಗಳನ್ನು ಬರೆಯುವವರು ಅದಕ್ಕೆ ಒಪ್ಪುವಂತೆಯೇ ಬರೆಯುತ್ತಾರೆ; ಅದರ ತಪ್ಪೂ ನಿಯಮವಾಗಿಬಿಡುತ್ತದೆ. ಈ ಪೈಪೋಟಿಯ ಮರ್ಮವಿರುವುದು ಇಲ್ಲಿ.

ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿ ಸೆರ್ನ್ ಎಂಬ ಭೌತವಿಜ್ಞಾನದ ಪ್ರಯೋಗಶಾಲೆಯಿದೆ. ನಾನಾ ದೇಶಗಳಿಂದ ಅಲ್ಲಿಗೆ ಬರುತ್ತಿದ್ದ ವಿಜ್ಞಾನಿಗಳ ಬರಹಗಳು ನಾನಾ ಬಗೆಯ ಕಂಪ್ಯೂಟರುಗಳಲ್ಲಿ ಚದರಿಹೋಗಿದ್ದವು. ಅವನ್ನು ಒಂದಕ್ಕೊಂದು ಹೆಣೆಯುವ ಯೋಜನೆಯನ್ನು ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ತಜ್ಞರು 1989ರಲ್ಲಿ ಮುಂದಿಟ್ಟರು. 1990ರ ಕೊನೆಯ ವೇಳೆಗೆ ಅವರು ರಚಿಸಿದ ಮೊದಲ ಬ್ರೌಸರ್ ಪುಟವನ್ನು ತೋರಿಸುವುದಷ್ಟೇ ಅಲ್ಲದೆ, ಅಲ್ಲಿಯೇ ತಿದ್ದಲೂ ಅವಕಾಶ ಕೊಡುತ್ತಿದ್ದಿತು. 1993ರ ಏಪ್ರಿಲ್ 30ರಂದು ಸೆರ್ನ್, ಈ ತಂತ್ರವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸಾರಿತು. ಈ ಔದಾರ್ಯವಿಲ್ಲದಿದ್ದರೆ ಮುಂದಿನ ಕಥೆಯೇ ನಡೆಯುತ್ತಿರಲಿಲ್ಲ.

ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ಕೇಂದ್ರವೊಂದರಲ್ಲಿ ಮಾರ್ಕ್ ಆಂಡ್ರೀಸನ್ ಎಂಬ ವಿದ್ಯಾರ್ಥಿಯೂ ಎರಿಕ್ ಬಿನಾ ಎಂಬ ತಂತ್ರಜ್ಞರೂ ಕೂಡಿ ಮೊಸಾಯಿಕ್ ಎಂಬ ಬ್ರೌಸರನ್ನು ರಚಿಸಿದರು. ಬರಹದ ನಡುವೆಯೇ ಚಿತ್ರಗಳನ್ನು ತೋರಿಸುತ್ತಿದ್ದುದರಿಂದಲೂ, ಸಾಮಾನ್ಯರೂ ಸುಲಭವಾಗಿ ಬಳಸಬಹುದಾಗಿದ್ದುದರಿಂದಲೂ ಅದು ಬಹು ಬೇಗನೆ ಹರಡಿತು. ಮರುವರ್ಷ ಆಂಡ್ರೀಸನ್ನರು ಜಿಮ್ ಕ್ಲಾರ್ಕ್ ಎಂಬ ಉದ್ಯಮಿಯೊಡನೆ ಸೇರಿ ಕ್ಯಾಲಿಫೋರ್ನಿಯಾದಲ್ಲಿ ಕಂಪನಿಯೊಂದನ್ನು ತೆರೆದರು. ಮೊಸಾಯಿಕ್ ಎಂಬ ಹೆಸರಿಗೆ ವಿಶ್ವವಿದ್ಯಾನಿಲಯವು ಆಕ್ಷೇಪಿಸಿದ್ದರಿಂದ ಕಂಪನಿಗೆ ನೆಟ್‌ಸ್ಕೇಪ್ ಎಂದು ಹೆಸರಾಯಿತು. ಹಳೆಯ ಮೊಸಾಯಿಕ್ಕನ್ನು ನುಂಗಬಲ್ಲ ದೈತ್ಯಪ್ರಾಣಿ ಎಂಬ ಭಾವದಲ್ಲಿ ಹೊಸ ಬ್ರೌಸರಿಗೆ ಅವರು ತಮ್ಮೊಳಗೆ ಇಟ್ಟುಕೊಂಡ ಹೆಸರು ಮೊಜಿಲ್ಲಾ. ಪೇಟೆಗೆ ಬಂದಾಗ ಅದು ನ್ಯಾವಿಗೇಟರ್ ಎನಿಸಿತು. 1995ರ ಆಗಸ್ಟ್ 9ರಂದು ನೆಟ್‌ಸ್ಕೇಪಿನ ಷೇರುಗಳು ಮಾರಾಟಕ್ಕೆ ಬಂದವು. 28 ಡಾಲರಿಗೆ ನಿಗದಿಯಾಗಿದ್ದ ಷೇರು ಸಂಜೆಗೆ 58 ಡಾಲರನ್ನು ದಾಟಿ ನಿಂತಿತು. ಕಂಪನಿಗೆ ಆಗ ಒಂದೂವರೆ ವರ್ಷವೂ ತುಂಬಿರಲಿಲ್ಲ.

ಈ ಏಳಿಗೆಯನ್ನು ಕಂಡು ಕಳವಳಗೊಂಡದ್ದು ಮೈಕ್ರೋಸಾಫ್ಟ್ ಸಂಸ್ಥೆ. ಜಗತ್ತಿನ ಬಹುಪಾಲು ಕಂಪ್ಯೂಟರುಗಳು ಅದರ ವಿಂಡೋಸ್ ವ್ಯವಸ್ಥೆಯಿಂದಲೇ ನಡೆಯುತ್ತಿದ್ದವು. ಬರಹ, ಲೆಕ್ಕ, ಆಟಗಳಿಗೆ ಬೇಕಾದ ತಂತ್ರಾಂಶವನ್ನು ರಚಿಸುವವರು ವಿಂಡೋಸಿಗಾಗಿ ರಚಿಸಬೇಕಾಗಿತ್ತು. ಜನರು ಅವುಗಳಿಗಾಗಿ ವಿಂಡೋಸನ್ನು ಕೊಳ್ಳಬೇಕಾಗಿತ್ತು. ಇವೆಲ್ಲವೂ ಬ್ರೌಸರಿನೊಳಗೇ ನಡೆಯುವಂತಾದರೆ ಕೆಳಗಿರುವ ವ್ಯವಸ್ಥೆ ಯಾವುದಾದರೇನು? ಈ ಅಪಾಯವನ್ನು ಮನಗಂಡ ಬಿಲ್ ಗೇಟ್ಸರು 1995ರ ಮೇ ತಿಂಗಳಿನಲ್ಲಿ ತಮ್ಮ ಅಧಿಕಾರಿಗಳಿಗೆ ಸುದೀರ್ಘವಾದ ಟಿಪ್ಪಣಿಯೊಂದನ್ನು ಬರೆದು, ಅಂತರಜಾಲಕ್ಕೇ ಅಗ್ರಸ್ಥಾನವೆಂದು ವಿಧಿಸಿದರು. ಆಗಸ್ಟಿನಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಹೊರಬಂದಿತು. ಅದನ್ನು ಕಟ್ಟಿದ್ದು ಸ್ಪೈಗ್ಲಾಸ್ ಎಂಬ ಸಣ್ಣ ಕಂಪನಿಯಿಂದ ಪರವಾನಗಿ ಪಡೆದ ಮೊಸಾಯಿಕ್ಕಿನ ಆಧಾರದ ಮೇಲೆಯೇ. ಮಾರಾಟದಲ್ಲಿ ಪಾಲು ಸಿಗುವುದೆಂದು ಸ್ಪೈಗ್ಲಾಸ್ ನಿರೀಕ್ಷಿಸಿತ್ತು. ಮೈಕ್ರೋಸಾಫ್ಟ್ ಅದನ್ನು ಪುಕ್ಕಟೆಯಾಗಿ ಹಂಚಿತು. ಪುಕ್ಕಟೆಯಾದುದರಲ್ಲಿ ಪಾಲೆಲ್ಲಿಯದು? ಕೊನೆಗೆ 80 ಲಕ್ಷ ಡಾಲರಿಗೆ ರಾಜಿಯಾಯಿತು.

ಮುಂದಿನ ಮೂರು ವರ್ಷಗಳ ಹಣಾಹಣಿಯಲ್ಲಿ ಎರಡು ಪಕ್ಷಗಳೂ ಕೆಲವು ತಿಂಗಳಿಗೊಮ್ಮೆ ಹೊಸ ಆವೃತ್ತಿಯನ್ನು ಹೊರಡಿಸುತ್ತ, ಒಂದರಲ್ಲಿಲ್ಲದ ಸೂಚನೆಯನ್ನು ಮತ್ತೊಂದು ಸೃಷ್ಟಿಸುತ್ತ ಸಾಗಿದವು. ಕೆಲವು ತಾಣಗಳು ಬಂದ ಬ್ರೌಸರಿನ ಹೆಸರನ್ನು ವಿಚಾರಿಸಿ, ಮೊಜಿಲ್ಲಾ ಎಂದರೆ ಮಾತ್ರ ಸೊಗಸಾದ ಪುಟವನ್ನು ಕಳುಹಿಸುತ್ತಿದ್ದವು. ಆಗ ಎಕ್ಸ್‌ಪ್ಲೋರರ್ ಕೂಡ ತಾನು ಮೊಜಿಲ್ಲಾ ಎಂದೇ ಹೇಳಿಕೊಳ್ಳತೊಡಗಿತು. ಮುಂದೆ ಬಂದವರೆಲ್ಲ ಅದೇ ಜಾಡನ್ನು ಹಿಡಿದರು. ಇಂದಿಗೂ ಕ್ರೋಮ್ ಆಗಲಿ ಸಫಾರಿಯಾಗಲಿ ತಾಣದ ಬಾಗಿಲಲ್ಲಿ ನಿಂತು ಮೊದಲು ಉಚ್ಚರಿಸುವುದು ಆ ಹಳೆಯ ಎದುರಾಳಿಯ ಹೆಸರನ್ನೇ!

ಗೆಲುವನ್ನು ನಿರ್ಧರಿಸಿದ್ದು ಗುಣವೊಂದೇ ಅಲ್ಲ. ಹೊಸ ಕಂಪ್ಯೂಟರಿನಲ್ಲಿ ಮೊದಲೇ ಸಿದ್ಧವಾಗಿರುವುದನ್ನು ಬಿಟ್ಟು ಬೇರೊಂದನ್ನು ಹುಡುಕಿ ತರುವ ಶ್ರಮವನ್ನು ಬಹುಮಂದಿ ಪಡುವುದಿಲ್ಲ. ಮೈಕ್ರೋಸಾಫ್ಟ್ ತನ್ನ ಬ್ರೌಸರನ್ನು ವಿಂಡೋಸಿನೊಡನೆ ಬೆಸೆಯಿತು. ಮನೆಮನೆಗೆ ಅಂತರಜಾಲದ ಸಂಪರ್ಕವನ್ನು ಒದಗಿಸುತ್ತಿದ್ದ ಅಮೆರಿಕ ಆನ್‌ಲೈನ್ ಕಂಪನಿಗೆ ವಿಂಡೋಸಿನ ತೆರೆಯ ಮೇಲೆ ಸ್ಥಾನ ಕೊಟ್ಟು, ಅದಕ್ಕೆ ಪ್ರತಿಯಾಗಿ ಎಕ್ಸ್‌ಪ್ಲೋರರನ್ನೇ ಮುಂದಿಡುವಂತೆ 1996ರಲ್ಲಿ ಒಪ್ಪಂದ ಮಾಡಿಕೊಂಡಿತು. 1997ರ ಅಕ್ಟೋಬರಿನಲ್ಲಿ ಎಕ್ಸ್‌ಪ್ಲೋರರಿನ ನಾಲ್ಕನೆಯ ಆವೃತ್ತಿ ಹೊರಬಂದ ರಾತ್ರಿ, ಅದರ ಲಾಂಛನವಾದ ಅಕ್ಷರದ ದೊಡ್ಡ ಪ್ರತಿಕೃತಿಯೊಂದನ್ನು ಕೆಲವರು ತಂದು ನೆಟ್‌ಸ್ಕೇಪ್ ಕಚೇರಿಯ ಹುಲ್ಲುಹಾಸಿನ ಮೇಲೆ ನಿಲ್ಲಿಸಿ ಹೋದರು. ಅಲ್ಲಿಯ ನೌಕರರು ಅದನ್ನು ಕೆಡವಿ, ಅದರ ಮೇಲೆ ತಮ್ಮ ಮೊಜಿಲ್ಲಾ ಮೂರ್ತಿಯನ್ನು ನಿಲ್ಲಿಸಿ, ನೆಟ್‌ಸ್ಕೇಪ್ 72, ಮೈಕ್ರೋಸಾಫ್ಟ್ 18 ಎಂಬ ಫಲಕವನ್ನು ತೂಗುಹಾಕಿದರು. ಹುಡುಗಾಟಿಕೆ ಸರಿಯೆ, ಫಲಕದ ಅಂಕಗಳು ಬಹುಕಾಲ ಬಾಳಲಿಲ್ಲ. ನ್ಯಾಯಾಲಯವು ಮುಂದೆ ಕಂಡುಕೊಂಡಂತೆ, 1996ರ ಆರಂಭದಲ್ಲಿ ನೂರಕ್ಕೆ ಸುಮಾರು 80ರಷ್ಟಿದ್ದ ನೆಟ್‌ಸ್ಕೇಪಿನ ಪಾಲು 1998ರ ಬೇಸಿಗೆಯ ಕೊನೆಗೆ 50ಕ್ಕೆ ಇಳಿದಿತ್ತು; 5ರಷ್ಟಿದ್ದ ಎಕ್ಸ್‌ಪ್ಲೋರರಿನ ಪಾಲು 50ಕ್ಕೆ ಏರಿತ್ತು.

1998ರ ಮೇ 18ರಂದು ಅಮೆರಿಕದ ಸರ್ಕಾರವೂ ಹಲವು ರಾಜ್ಯಗಳೂ ಮೈಕ್ರೋಸಾಫ್ಟಿನ ಮೇಲೆ ಮೊಕದ್ದಮೆ ಹೂಡಿದವು. ಸಂಸ್ಥೆಯು ತನ್ನ ಏಕಸ್ವಾಮ್ಯವನ್ನು ಅನ್ಯಾಯವಾಗಿ ಕಾಯ್ದುಕೊಂಡಿತೆಂದು ನಿರ್ಣಯಿಸಿದ ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ನರು, 2000ದ ಜೂನ್ ತಿಂಗಳಿನಲ್ಲಿ ಅದನ್ನು ಎರಡಾಗಿ ಒಡೆಯಬೇಕೆಂದು ಆಜ್ಞಾಪಿಸಿದರು. ಮರುವರ್ಷ ಮೇಲ್ಮನವಿ ನ್ಯಾಯಾಲಯವು ಏಕಸ್ವಾಮ್ಯದ ದೋಷವನ್ನು ಎತ್ತಿಹಿಡಿದರೂ ಒಡೆಯುವ ಆಜ್ಞೆಯನ್ನು ರದ್ದುಗೊಳಿಸಿತು. ನ್ಯಾಯದ ತಕ್ಕಡಿ ತೂಗುವಷ್ಟರಲ್ಲಿ ನೆಟ್‌ಸ್ಕೇಪ್ ನೆಲಕಚ್ಚಿತ್ತು. ಅದನ್ನು ಕೊಂಡುಕೊಂಡಿದ್ದ ಕಂಪನಿ ಮತ್ತಾವುದೂ ಅಲ್ಲ, ಅದೇ ಅಮೆರಿಕ ಆನ್‌ಲೈನ್.

ಗೆದ್ದವನು ಮಾಡಿದ್ದೇನು? 2001ರಲ್ಲಿ ಎಕ್ಸ್‌ಪ್ಲೋರರಿನ ಆರನೆಯ ಆವೃತ್ತಿ ಬಂದಿತು. ಏಳನೆಯದು ಬರಲು 2006ರ ಅಕ್ಟೋಬರಿನವರೆಗೆ ಕಾಯಬೇಕಾಯಿತು. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಒಂದೇ ಬ್ರೌಸರನ್ನು ಬಳಸುತ್ತಿದ್ದಾಗ, ಅದನ್ನು ತಿದ್ದುವ ಆತುರ ಯಾರಿಗಿತ್ತು? ಅದರ ಬಿರುಕುಗಳಲ್ಲಿ ದುಷ್ಟ ತಂತ್ರಾಂಶಗಳು ನುಸುಳತೊಡಗಿದವು. ದಕ್ಷಿಣ ಕೊರಿಯಾದಲ್ಲಿ ಬ್ಯಾಂಕಿನ ವ್ಯವಹಾರಕ್ಕೆ ಬೇಕಾದ ಭದ್ರತಾ ವ್ಯವಸ್ಥೆಯು ಎಕ್ಸ್‌ಪ್ಲೋರರಿನಲ್ಲಿ ಮಾತ್ರ ನಡೆಯುವ ಆಕ್ಟಿವ್‌ಎಕ್ಸ್ ಎಂಬ ಸಾಧನವನ್ನು ನೆಚ್ಚಿಕೊಂಡಿದ್ದಿತು. ಆ ಕಟ್ಟಿನಿಂದ ಬಿಡಿಸಿಕೊಳ್ಳಲು ಆ ದೇಶಕ್ಕೆ ಸುಮಾರು ಎರಡು ದಶಕಗಳೇ ಹಿಡಿದವು. ಭಾರತೀಯ ಭಾಷೆಗಳಿಗೂ ಇದರ ಬಿಸಿ ತಟ್ಟದೆ ಇರಲಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕೆಲವು ಪತ್ರಿಕಾ ತಾಣಗಳು ತಮ್ಮದೇ ಅಕ್ಷರವಿನ್ಯಾಸವನ್ನು ಎಕ್ಸ್‌ಪ್ಲೋರರಿಗೆ ತಾನಾಗಿ ಇಳಿಯುವಂತೆ ಅಳವಡಿಸಿದ್ದವು. ಬೇರೆ ಬ್ರೌಸರಿನಲ್ಲಿ ತೆರೆದವನಿಗೆ ಸುದ್ದಿಯ ಬದಲು ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತಿದ್ದಿತು.

ಈ ಜಡತೆಯನ್ನು ಕದಲಿಸಿದ್ದು ಸೋತವನ ಆಸ್ತಿ. ನೆಟ್‌ಸ್ಕೇಪ್ ತನ್ನ ಕೊನೆಯ ದಿನಗಳಲ್ಲಿ, 1998ರ ಮಾರ್ಚ್ 31ರಂದು, ಬ್ರೌಸರಿನ ಮೂಲ ಸಂಕೇತವನ್ನೆಲ್ಲ ಲೋಕಕ್ಕೆ ಬಿಚ್ಚಿಟ್ಟಿತ್ತು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆರಂಭದ ಕೆಲಸ ನಿರಾಶಾದಾಯಕವಾಗಿ ನಿಧಾನವಾಗಿತ್ತು. ಬಹುಭಾಗವನ್ನು ಹೊಸದಾಗಿ ಬರೆಯಬೇಕಾಯಿತು. 2003ರಲ್ಲಿ ಮೊಜಿಲ್ಲಾ ಪ್ರತಿಷ್ಠಾನವು ಸ್ಥಾಪಿತವಾಗಿ, 2004ರ ನವೆಂಬರ್ 9ರಂದು ಫೈರ್‌ಫಾಕ್ಸಿನ ಮೊದಲ ಆವೃತ್ತಿ ಹೊರಬಂದಿತು. ಮರುತಿಂಗಳು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಎರಡು ಪುಟಗಳ ಜಾಹೀರಾತು ಅಚ್ಚಾಯಿತು. ಅದರ ವೆಚ್ಚವನ್ನು ಭರಿಸಿದವರು ಸಾಮಾನ್ಯ ಬಳಕೆದಾರರು. ಅಂಥ ಸುಮಾರು 10,000 ಮಂದಿಯ ಹೆಸರುಗಳೂ ಅಲ್ಲಿದ್ದವು. ಐದು ವರ್ಷಗಳಲ್ಲಿ ಫೈರ್‌ಫಾಕ್ಸ್ ನೂರಕ್ಕೆ ಸುಮಾರು 30ರಷ್ಟು ಪಾಲನ್ನು ಪಡೆಯಿತು. ಮೈಕ್ರೋಸಾಫ್ಟ್ ತನ್ನ ಬ್ರೌಸರನ್ನು ಮತ್ತೆ ಕೈಗೆತ್ತಿಕೊಂಡದ್ದು ಈ ಒತ್ತಡದಿಂದಲೇ ಎಂದರೆ ತಪ್ಪಾಗದು.

2008ರ ಸೆಪ್ಟೆಂಬರಿನಲ್ಲಿ ಗೂಗಲ್ ಸಂಸ್ಥೆಯು ಕ್ರೋಮ್ ಬ್ರೌಸರನ್ನು ಹೊರತಂದಿತು. ಅದರ ವೇಗ ನಿಜವಾದ ಮೆಚ್ಚುಗೆಗೆ ಪಾತ್ರವಾಯಿತು. ಒಂದು ಪುಟ ಕೆಟ್ಟುನಿಂತರೆ ಉಳಿದವು ಕೆಡದಂತೆ ಪುಟಗಳನ್ನು ಬೇರೆಬೇರೆಯಾಗಿ ನಡೆಸುವ ಅದರ ಏರ್ಪಾಡೂ ಹೊಸದಾಗಿತ್ತು. ಅದರ ಎಂಜಿನ್ನಿನ ವಂಶಾವಳಿಯಾದರೋ ಕುತೂಹಲಕರ. ಕೆ.ಡಿ.ಇ. ಎಂಬ ಸ್ವಯಂಸೇವಕರ ಬಳಗವು ರಚಿಸಿದ್ದನ್ನು ಆಪಲ್ ಸಂಸ್ಥೆಯು ತನ್ನ ಸಫಾರಿಗಾಗಿ ಬೆಳೆಸಿತು. ಆಪಲ್ ಬೆಳೆಸಿದ್ದನ್ನು ಗೂಗಲ್ ಕೈಗೆತ್ತಿಕೊಂಡು 2013ರಲ್ಲಿ ಬೇರೆ ಕವಲಾಗಿಸಿತು. 2012ರಲ್ಲಿ ಕ್ರೋಮ್ ಎಕ್ಸ್‌ಪ್ಲೋರರನ್ನು ಹಿಂದಿಕ್ಕಿತು. 2018ರಲ್ಲಿ ಮೈಕ್ರೋಸಾಫ್ಟ್ ತನ್ನ ಸ್ವಂತ ಎಂಜಿನ್ನನ್ನೇ ತ್ಯಜಿಸಿ ಗೂಗಲಿನದನ್ನು ಬಳಸುವುದಾಗಿ ಪ್ರಕಟಿಸಿತು. 2022ರ ಜೂನ್ 15ರಂದು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ನಿವೃತ್ತಿ ಹೊಂದಿತು.

ಇಂದು ಜಗತ್ತಿನ ಬಳಕೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕ್ರೋಮಿನದು. ಹೆಸರುಗಳು ಹಲವಿದ್ದರೂ ಒಳಗಿನ ಎಂಜಿನ್ನುಗಳು ಮುಖ್ಯವಾಗಿ ಮೂರೇ: ಗೂಗಲಿನದು, ಆಪಲಿನದು, ಮೊಜಿಲ್ಲಾದ್ದು. ಆಪಲ್ ತನ್ನ ಐಫೋನಿನಲ್ಲಿ ಬೇರೆ ಎಂಜಿನ್ನುಗಳಿಗೆ ಬಹುಕಾಲ ಅವಕಾಶವನ್ನೇ ಕೊಡಲಿಲ್ಲ. 2024ರಲ್ಲಿ ಯೂರೋಪಿನ ಒಕ್ಕೂಟದ ಕಾಯಿದೆಗೆ ಮಣಿದು ಅಲ್ಲಿ ಮಾತ್ರ ಸಡಿಲಿಸಿತು. ಪುಕ್ಕಟೆಯಾದ ಬ್ರೌಸರಿನಿಂದ ಹಣ ಬರುವ ದಾರಿಯೂ ಈಗ ಮುಚ್ಚುಮರೆಯಿಲ್ಲದೆ ಬಯಲಾಗಿದೆ. ಬಳಸುವವನು ಬರೆದ ಪದವನ್ನು ಯಾವ ಶೋಧಯಂತ್ರಕ್ಕೆ ಒಪ್ಪಿಸಬೇಕೆಂಬುದನ್ನು ಬ್ರೌಸರ್ ನಿರ್ಧರಿಸುತ್ತದೆ. ಶೋಧದ ಜೊತೆಗೆ ಜಾಹೀರಾತು ಬರುತ್ತದೆ. ಆ ಮೊದಲ ಸ್ಥಾನಕ್ಕಾಗಿ ಗೂಗಲ್ ಸಂಸ್ಥೆಯು ಇತರ ಕಂಪನಿಗಳಿಗೆ 2021ನೆಯ ಒಂದೇ ವರ್ಷದಲ್ಲಿ 2,600 ಕೋಟಿ ಡಾಲರಿಗಿಂತ ಹೆಚ್ಚು ಹಣವನ್ನು ಕೊಟ್ಟಿತೆಂಬುದು ಅಮೆರಿಕದ ನ್ಯಾಯಾಲಯದಲ್ಲಿ ಹೊರಬಿದ್ದಿತು. 2024ರಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು, ಶೋಧದ ಏಕಸ್ವಾಮ್ಯವನ್ನು ಗೂಗಲ್ ಕಾನೂನುಬಾಹಿರವಾಗಿ ಕಾಯ್ದುಕೊಂಡಿದೆ ಎಂದು ತೀರ್ಪಿತ್ತರು. ಕ್ರೋಮನ್ನು ಮಾರಿಬಿಡುವಂತೆ ವಿಧಿಸಬೇಕೆಂದು ಸರ್ಕಾರ ಕೇಳಿತು. 2025ರ ಸೆಪ್ಟೆಂಬರಿನಲ್ಲಿ ಅವರು ಅದನ್ನು ಒಪ್ಪಲಿಲ್ಲ. ಅನ್ಯರನ್ನು ಹೊರಗಿಡುವ ಒಪ್ಪಂದಗಳನ್ನು ನಿಷೇಧಿಸಿದರಾದರೂ ಹಣ ಕೊಡುವುದನ್ನು ಪೂರ್ತಿಯಾಗಿ ತಡೆಯಲಿಲ್ಲ. ತಡೆದಿದ್ದರೆ ಮೊದಲು ಸಂಕಟಕ್ಕೆ ಸಿಲುಕುತ್ತಿದ್ದುದು ಪ್ರಾಯಶಃ ಮೊಜಿಲ್ಲಾ. ಕ್ರೋಮಿಗೆ ಎದುರಾಗಿ ಸ್ವಂತ ಎಂಜಿನ್ನನ್ನು ಉಳಿಸಿಕೊಂಡಿರುವ ಆ ಪ್ರತಿಷ್ಠಾನದ ಆದಾಯದಲ್ಲಿ ಬಹುಪಾಲು ಬರುವುದು ಗೂಗಲಿನಿಂದಲೇ.